ದೋಟಿಯಿಂದ ಔಷಧಿ ಹೊಡೆಯುವ ಸಾಧನ: ಮೊದಲ ಅಧ್ಯಯನದಿಂದ ಮುಂದಿನ ಸುಧಾರಣೆಯವರೆಗೆ ಹೇಗೆ ನಿಭಾಯಿಸಬೇಕು?

ಪ್ರಶ್ನೆ: ಶಿರಸಿ ಸೀಮೆಯ ವರ್ಕ್‌ಶಾಪಿನವ

ಮಾನ್ಯರೇ,

ಶಿರಸಿ ತಾಲ್ಲೂಕಿನಲ್ಲಿ ಹನ್ನೆರಡು ವರ್ಷಗಳಿಂದ ಲೇತ್ ಮತ್ತು ವೆಲ್ಡಿಂಗಿನ ಸಣ್ಣ ವರ್ಕ್‌ಶಾಪ್ ನಡೆಸುತ್ತಿದ್ದೇನೆ. ಮರ ಹತ್ತಿ ಅಡಿಕೆ ಕೊನೆ (ಗೊನೆ) ಇಳಿಸುವ, ಔಷಧಿ ಹೊಡೆಯುವ ಕೊನೆಗೌಡರು ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ, ನೆಲದ ಮೇಲೆ ನಿಂತೇ ಅಡಿಕೆ ಕೊನೆಗಳಿಗೆ ಬೋರ್ಡೋ ದ್ರಾವಣ (ಕೊಳೆರೋಗ ತಡೆಯುವ ಮೈಲುತುತ್ತ, ಸುಣ್ಣದ ಮಿಶ್ರಣ) ಹೊಡೆಯಬಹುದಾದ ದೋಟಿಯೊಂದನ್ನು, ಅಂದರೆ ಉದ್ದನೆಯ ಕೋಲೊಂದನ್ನು, ಕಳೆದ ವರ್ಷ ತಯಾರಿಸಿದೆ. ಕಾರ್ಬನ್ ಫೈಬರ್ ಕೊಳವೆಗಳನ್ನು ಹೊರಗಿನಿಂದ ತರಿಸಿದ್ದೇನೆ; ಅವುಗಳನ್ನು ಬಿಗಿಯುವ ಲಾಕ್, ತುದಿಯ ನಾಜಲ್ ತಲೆ ಮತ್ತು ಬುಡವನ್ನು ಆನಿಸಿಕೊಳ್ಳುವ ಸೊಂಟದ ಬೆಲ್ಟು ನನ್ನ ಕೈಕೆಲಸ.

ಮೂರು ದೋಟಿಗಳನ್ನು ಮೂರು ತೋಟಗಳಿಗೆ ಕೊಟ್ಟೆ. ಒಬ್ಬರು ಉದ್ದ ಸಾಲದು ಎಂದರು, ಇನ್ನೊಬ್ಬರು ಭಾರ ಹೆಚ್ಚಾಯಿತು ಎಂದರು, ಮೂರನೆಯವರು ಲಾಕ್ ಸಿಕ್ಕಿಕೊಳ್ಳುತ್ತದೆ ಎಂದರು. ಮಳೆಗಾಲದ ನಡುವೆಯೇ ನಾಜಲ್, ಲಾಕ್, ಬೆಲ್ಟು ಎಲ್ಲವನ್ನೂ ಒಂದೊಂದು ಕಡೆ ಒಂದೊಂದು ರೀತಿ ಬದಲಿಸಿಬಿಟ್ಟೆ. ಈಗ ಮೂರೂ ದೋಟಿಗಳು ಮೂರು ಬಗೆಯಾಗಿವೆ; ಯಾವ ಬದಲಾವಣೆಯಿಂದ ಯಾವ ಗುಣ ಬಂತೆಂದು ನನಗೇ ಹೇಳಲಾಗುತ್ತಿಲ್ಲ. ಮುಂದಿನ ಮುಂಗಾರಿಗೆ ಇಪ್ಪತ್ತೈದು ಬೇಕೆಂದು ಕೇಳುವವರಿದ್ದಾರೆ. ಕೆಲಸವನ್ನು ಮತ್ತೆ ಎಲ್ಲಿಂದ ಆರಂಭಿಸಬೇಕು, ಮಾರಲು ಸಿದ್ಧವಾಗಿದೆ ಎಂದು ಯಾವಾಗ ನಿರ್ಧರಿಸಬೇಕು, ಮಾರಿದ ನಂತರದ ಸುಧಾರಣೆಗಳನ್ನು ಹೇಗೆ ನಡೆಸಬೇಕು ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ತೀರ್ಥಹಳ್ಳಿಯ ನಿವೃತ್ತ

ನಾನು ಬೆಂಗಳೂರಿನ ಕಾರ್ಖಾನೆಯೊಂದರ ವಿನ್ಯಾಸ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಈಗ ಊರಿನ ತೋಟ ನೋಡಿಕೊಂಡಿದ್ದೇನೆ. ನಿಮ್ಮ ಮೂರೂ ಗ್ರಾಹಕರು ನಿಮಗೆ ಹೇಳಿದ್ದು ಪರಿಹಾರವನ್ನೇ ಹೊರತು ತೊಂದರೆಯನ್ನಲ್ಲ. "ಉದ್ದ ಸಾಲದು" ಎಂದವರ ತೋಟಕ್ಕೆ ಹೋಗಿ ನೋಡಿದರೆ, ಮರ ಅಷ್ಟು ಎತ್ತರವಿಲ್ಲದೆ, ತುದಿ ತೂಗಾಡುವುದರಿಂದ ನಾಜಲ್ ಕೊನೆಯ ನೇರಕ್ಕೆ ನಿಲ್ಲುತ್ತಿಲ್ಲ ಎಂಬುದು ಗೊತ್ತಾದೀತು. ಹಾಗಿದ್ದಲ್ಲಿ ಉದ್ದ ಹೆಚ್ಚಿಸಿದರೆ ತೊಂದರೆ ಇನ್ನಷ್ಟು ಬೆಳೆಯುತ್ತದೆ. ಒಂದೇ ದಪ್ಪದ ಕೊಳವೆಯ ಉದ್ದ ಇಮ್ಮಡಿಯಾದರೆ, ತುದಿಯಲ್ಲಿ ಅದೇ ಭಾರವಿದ್ದರೂ ಬಾಗು ಎಂಟು ಪಟ್ಟಾಗುತ್ತದೆ.

ಆದ್ದರಿಂದ ಮೊದಲ ಹಂತದಲ್ಲಿ ಲೇತ್ ಮುಟ್ಟಬೇಡಿ. ಔಷಧಿ ಹೊಡೆಯುವ ಒಂದು ದಿನ ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲಿ ಸುಮ್ಮನೆ ನಿಂತು ನೋಡಿ. ಮೈಲುತುತ್ತ ಕರಗಿಸುವುದು, ಸುಣ್ಣದ ತಿಳಿ ಸೋಸುವುದು, ಎರಡನ್ನೂ ಬೆರೆಸಿ ಕತ್ತಿಯ ಅಲಗನ್ನು ಅದ್ದಿ ಕೆಂಪು ಹತ್ತುತ್ತದೆಯೇ ಎಂದು ಪರೀಕ್ಷಿಸುವುದು, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸುವುದು, ಪೈಪು ಎಳೆಯುವುದು, ಒಂದು ಮರದಿಂದ ಇನ್ನೊಂದಕ್ಕೆ ದೋಟಿ ದಾಟಿಸುವುದು, ಇವೆಲ್ಲದರಲ್ಲಿ ಎಷ್ಟೆಷ್ಟು ಹೊತ್ತು ಕಳೆಯುತ್ತದೆ ಎಂದು ಬರೆದುಕೊಳ್ಳಿ. ಮುಖ್ಯವಾಗಿ, ದುಡ್ಡು ಕೊಡುವ ಯಜಮಾನರ ಮಾತಿಗಿಂತ ದೋಟಿ ಹಿಡಿಯುವ ಕೆಲಸಗಾರನ ಕತ್ತು ಮತ್ತು ಮುಂಗೈಗಳನ್ನು ಗಮನಿಸಿ. ನಮ್ಮ ತೋಟದಲ್ಲಿ ಕೆಲಸಗಾರನೊಬ್ಬ ಪ್ರತಿ ನಾಲ್ಕೈದು ಮರಗಳಿಗೊಮ್ಮೆ ದೋಟಿಯನ್ನು ಮರಕ್ಕೆ ಒರಗಿಸಿ ಕತ್ತು ನೀವಿಕೊಳ್ಳುತ್ತಿದ್ದ. ಆ ಬಗ್ಗೆ ಅವನು ಬಾಯಿಬಿಟ್ಟು ದೂರಿದ್ದೇ ಇಲ್ಲ.

ಅನಂತರ ಸಾಧನದಿಂದ ಆಗಬೇಕಾದ ಕೆಲಸವನ್ನು ಅಳೆಯಲು ಬರುವಂತೆ ಒಂದೇ ವಾಕ್ಯದಲ್ಲಿ ಬರೆಯಿರಿ. "ಅರವತ್ತು ಅಡಿ ಎತ್ತರದ ಕೊನೆಯನ್ನು ಒಬ್ಬನೇ ವ್ಯಕ್ತಿ, ಎರಡು ಬದಿಗಳಿಂದ, ಇಡೀ ದಿನ ತೋಯಿಸಬಲ್ಲನು" ಎಂಬಂತಿರಲಿ. ಆ ವಾಕ್ಯದಿಂದಲೇ ಲೆಕ್ಕಗಳು ಹುಟ್ಟುತ್ತವೆ. ಅರವತ್ತು ಅಡಿ ಎಂದರೆ ಸುಮಾರು 18 ಮೀಟರ್. ದ್ರಾವಣವನ್ನು ಅಷ್ಟು ಮೇಲಕ್ಕೆ ಏರಿಸುವುದಕ್ಕೇ ಪಂಪಿನ ಒತ್ತಡದಲ್ಲಿ ಹತ್ತಿರ ಹತ್ತಿರ 1.8 ಬಾರ್ ಖರ್ಚಾಗುತ್ತದೆ. 8 ಮಿ.ಮೀ. ಒಳವ್ಯಾಸದ ಪೈಪಿನಲ್ಲಿ ಮೀಟರಿಗೆ ಸುಮಾರು 50 ಮಿ.ಲೀ. ದ್ರಾವಣ ನಿಲ್ಲುವುದರಿಂದ, ದೋಟಿಯ ಮೈಗುಂಟ ಮುಕ್ಕಾಲು ಕಿಲೋಗಿಂತ ಹೆಚ್ಚಿನ ತೂಕ ಬರಿಯ ದ್ರಾವಣದ್ದೇ ಆಯಿತು. ಕೊಳವೆಯ ತೂಕ ಇಳಿಸಲು ಸಾವಿರಾರು ರೂಪಾಯಿ ಸುರಿಯುವ ಮೊದಲು ಪೈಪಿನ ವ್ಯಾಸವನ್ನು ನೋಡಬೇಕೆಂದು ನಾನು ಹೇಳುವುದು ಇದಕ್ಕಾಗಿ.

ನಿಮ್ಮ ನಿಜವಾದ ಕಷ್ಟ ಪಂಚಾಂಗದ್ದು. ಮುಂಗಾರು ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನಗಳ ನಂತರ ಇನ್ನೊಮ್ಮೆ ಔಷಧಿ ಹೊಡೆಯುತ್ತಾರೆ. ರೋಹಿಣಿಯಿಂದ ಪುಷ್ಯದ ಮಳೆಯವರೆಗಿನ ಆ ಅವಧಿ ತಪ್ಪಿದರೆ ಪರೀಕ್ಷೆಗೆ ಮತ್ತೊಂದು ವರ್ಷ ಕಾಯಬೇಕು. ಆ ಕಾರಣಕ್ಕೆ ಪರೀಕ್ಷೆಯನ್ನು ಎರಡಾಗಿ ಒಡೆಯಿರಿ. ದ್ರಾವಣ ಕೊನೆಗೆ ತಲುಪುತ್ತದೆಯೇ ಎಂಬುದನ್ನು ಮಾಘ ಮಾಸದಲ್ಲೂ ನೋಡಬಹುದು. ಕೊನೆಯ ಎತ್ತರದಲ್ಲಿ ಸುತ್ತಲೂ ಕಪ್ಪು ಕಾಗದದ ಪಟ್ಟಿಗಳನ್ನು ಕಟ್ಟಿ, ಬರಿಯ ಸುಣ್ಣದ ತಿಳಿ ಹೊಡೆದು, ಒಣಗಿದ ಮೇಲೆ ಪಟ್ಟಿಯಲ್ಲಿ ಉಳಿದ ಬಿಳಿ ಚುಕ್ಕೆಗಳನ್ನು ನೋಡಿದರೆ ಯಾವ ಬದಿ ತೋಯ್ದಿಲ್ಲವೆಂದು ಕಣ್ಣಿಗೇ ಕಾಣುತ್ತದೆ. ಕೆಸರು, ಜಾರಿಕೆ, ಗಾಳಿ, ಒದ್ದೆ ಕೈಗಳಲ್ಲಿ ಲಾಕ್ ತಿರುಗುತ್ತದೆಯೇ ಎಂಬುದನ್ನು ಮಾತ್ರ ಮಳೆಗಾಲಕ್ಕೆ ಇಟ್ಟುಕೊಳ್ಳಿ.

ಉತ್ತರ 2: ಪುತ್ತೂರು ಕಡೆಯ ಕೃಷಿಕ

ಹಿರಿಯರು ಹೇಳಿದ್ದಕ್ಕೆ ಒಂದು ಎಚ್ಚರಿಕೆಯನ್ನು ಸೇರಿಸಲೇಬೇಕಾಗಿದೆ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ನಮ್ಮ ಕಡೆ ತೋಟದ ಮೇಲೆಯೇ ತಂತಿ ಹಾದುಹೋಗಿರುವ ಜಾಗಗಳು ಎಷ್ಟೋ ಇವೆ. ಕೈ ಹಿಡಿಯುವ ಬುಡದ ಕೊಳವೆಗಳನ್ನು ಗಾಜಿನ ನಾರಿನ ಫೈಬರಿನಲ್ಲಿ ಮಾಡಿದರೆ ಅಪಾಯ ಸ್ವಲ್ಪ ಇಳಿದೀತು, ಆದರೆ ಪೈಪಿನೊಳಗೆ ತುಂಬಿರುವ ಬೋರ್ಡೋ ದ್ರಾವಣವೂ ವಿದ್ಯುತ್ತನ್ನು ಒಯ್ಯುವುದರಿಂದ ಅದನ್ನೇ ನಂಬಿ ಕೂರುವಂತಿಲ್ಲ. ತಂತಿಯ ಹತ್ತಿರದ ಮರಗಳಿಗೆ ಈ ದೋಟಿ ಸಲ್ಲದು ಎಂಬ ಮಾತು ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿದ್ದರೆ ಸಾಲದು, ದೋಟಿಯ ಮೈಮೇಲೆಯೇ ಕೆಂಪಕ್ಷರದಲ್ಲಿರಬೇಕು. ನನ್ನ ಪ್ರಕಾರ ಇದಾಗದೆ ಒಂದೂ ದೋಟಿ ವರ್ಕ್‌ಶಾಪಿನ ಬಾಗಿಲು ದಾಟಬಾರದು.

ಇನ್ನೊಂದು ನನ್ನ ಅನುಭವ. ಮೂರು ವರ್ಷಗಳ ಹಿಂದೆ ಬೇರೊಬ್ಬ ತಯಾರಕರಿಂದ ಕೊಂಡ ದೋಟಿಯ ಲಾಕ್ ಆರಿದ್ರಾ ಮಳೆಯ ನಡುವೆ ಮುರಿಯಿತು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ತುಂಡು ಕೊರಿಯರಿನಲ್ಲಿ ಬರಲು ಹದಿನೆಂಟು ದಿನ ಹಿಡಿಯಿತು. ಅಷ್ಟರಲ್ಲಿ ಕೊಳೆರೋಗ ಬಂದು ಎಳೆಯ ಅಡಿಕೆ ಬುಡದಲ್ಲಿ ಹಾಸಿಬಿದ್ದಿತ್ತು. ಆ ದೋಟಿ ಹಗುರವಾಗಿತ್ತು, ಚೆನ್ನಾಗಿಯೂ ಇತ್ತು, ಆದರೂ ಅದನ್ನು ಮತ್ತೆ ಕೊಳ್ಳುವ ಮನಸ್ಸಾಗಲಿಲ್ಲ. ನೀವು ಇಪ್ಪತ್ತೈದು ದೋಟಿ ಮಾರುವುದಾದರೆ, ಪ್ರತಿಯೊಂದರ ಚೀಲದಲ್ಲೂ ಒಂದು ಲಾಕ್, ಎರಡು ನಾಜಲ್ ಮತ್ತು ನಾಲ್ಕು ವಾಷರ್ ಇಟ್ಟೇ ಕೊಡಿ, ಬೆಲೆ ಅಷ್ಟು ಹೆಚ್ಚಾದರೂ ಚಿಂತೆಯಿಲ್ಲ.

ಉತ್ತರ 3: ಸಾಗರದ ಯಂತ್ರೋಪಕರಣ ಅಂಗಡಿಯವಳು

ಮೇಲಿನ ಇಬ್ಬರೂ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಇಪ್ಪತ್ತೈದು ಮಾರುವ ವಿಚಾರವನ್ನೇ ಈ ವರ್ಷ ಕೈಬಿಡಬೇಕೆಂದು ನನ್ನ ಸಲಹೆ. ಐದು ದೋಟಿಗಳನ್ನು ಒಂದೇ ಅಚ್ಚಿನಲ್ಲಿ ಮಾಡಿ, ಇಬ್ಬರು ಕೆಲಸಗಾರರನ್ನು ಇಟ್ಟುಕೊಂಡು, ಮರಕ್ಕಿಷ್ಟು ಎಂದು ಕೂಲಿ ಹಿಡಿದು ನೀವೇ ಔಷಧಿ ಹೊಡೆಸಿ. ನಿಮ್ಮ ಸಾಧನದ ಮೊದಲ ಗ್ರಾಹಕರು ನೀವೇ ಆದಾಗ, ಏನು ಕೆಟ್ಟಿತೆಂದು ಫೋನಿನಲ್ಲಿ ಕೇಳಿ ಊಹಿಸುವ ಕಷ್ಟ ತಪ್ಪುತ್ತದೆ. ಒಂದು ಮಳೆಗಾಲವನ್ನು ದೊಡ್ಡ ರಿಪೇರಿಯಿಲ್ಲದೆ ಐದರಲ್ಲಿ ನಾಲ್ಕು ದೋಟಿ ದಾಟಿದರೆ, ಮಾರಲು ಸಿದ್ಧವೆಂದು ತಿಳಿಯಿರಿ. ಈ ಗೆರೆಯನ್ನು ಮಳೆ ಶುರುವಾಗುವ ಮೊದಲೇ ಬರೆದಿಡಬೇಕು, ಇಲ್ಲವಾದರೆ ಮುಂಗಡ ಕೈಗೆ ಬಂದ ಮೇಲೆ ಗೆರೆ ತಾನಾಗಿಯೇ ಕೆಳಗಿಳಿಯುತ್ತದೆ.

ಮಾರಿದ ನಂತರದ ವಿಷಯಕ್ಕೆ ಬಂದರೆ, ಪ್ರತಿ ದೋಟಿಗೂ ಕೊರೆದ ಸಂಖ್ಯೆಯಿರಲಿ, ಆ ಸಂಖ್ಯೆಗೊಂದು ಪುಟವಿರಲಿ. ಒಂದು ಮಳೆಗಾಲಕ್ಕೆ ಒಂದೇ ಭಾಗವನ್ನು ಬದಲಿಸಿ. ಹೊಸ ನಾಜಲ್ ತಲೆ ಹಳೆಯ ದೋಟಿಯ ಮರೆಗೂ (ತಿರುಪಿನ ಸುತ್ತುಗಳಿಗೂ) ಕೂರುವಂತಿರಬೇಕು; ಮರೆಯ ಅಳತೆ ಬದಲಾದ ದಿನವೇ ನಿಮ್ಮ ಹಳೆಯ ಗ್ರಾಹಕರು ಅನಾಥರಾಗುತ್ತಾರೆ. ಸುಣ್ಣದ ಕಣಗಳು ಹಿತ್ತಾಳೆಯ ನಾಜಲಿನ ರಂಧ್ರವನ್ನು ಬೇಗ ಸವೆಸುತ್ತವೆ. ಒಂದು ನಿಮಿಷ ಬಕೆಟ್ಟಿಗೆ ಹಿಡಿದು ಅಳೆದಾಗ ಹೊಸದಕ್ಕಿಂತ ನೂರಕ್ಕೆ ಹತ್ತರಷ್ಟು ಹೆಚ್ಚು ದ್ರಾವಣ ಬಂದರೆ ನಾಜಲ್ ಬದಲಿಸಬೇಕೆಂಬುದು ರೂಢಿಯ ಲೆಕ್ಕ. ಇದನ್ನು ಕೊಳ್ಳುವವರಿಗೆ ಕಲಿಸಿಕೊಟ್ಟರೆ ಅರ್ಧದಷ್ಟು ದೂರುಗಳು ನಮ್ಮ ಅಂಗಡಿಯವರೆಗೂ ಬರಲಾರವು.

ಲಾಕಿನಲ್ಲಿ ನಿಮ್ಮದೇ ಹೊಸ ಉಪಾಯವಿದ್ದರೆ, ಯಂತ್ರಮೇಳದಲ್ಲಿ ಪ್ರದರ್ಶಿಸುವ ಮೊದಲೇ ಪೇಟೆಂಟಿಗೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಹಾಕುವುದು ಲೇಸು. ಪೂರ್ಣ ವಿವರಣೆ ಸಲ್ಲಿಸಲು ಆಮೇಲೆ ಹನ್ನೆರಡು ತಿಂಗಳ ಅವಕಾಶ ಇರುತ್ತದೆ.

ವಿಷಯಕ್ಕೆ ಸಂಬಂಧವಿದೆ ಎಂದು ಇದನ್ನೂ ಹೇಳುತ್ತೇನೆ. ಫ್ರಾನ್ಸಿನಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಬಳಿಯುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ತಗಲಿಲ್ಲ ಎಂಬುದನ್ನು ಅಲ್ಲಿನ ಸಸ್ಯವಿಜ್ಞಾನಿ ಮಿಲಾರ್ಡೆ ಗಮನಿಸಿದ್ದರಿಂದ ಬೋರ್ಡೋ ದ್ರಾವಣ 1885ರಲ್ಲಿ ಬೆಳಕಿಗೆ ಬಂತು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್ ನಮ್ಮ ಮಲೆನಾಡಿನ ಕೊಳೆರೋಗವನ್ನು ಅಧ್ಯಯನ ಮಾಡಿ ಇದೇ ದ್ರಾವಣವನ್ನು ಅಡಿಕೆಗೆ ತಂದರು. ದ್ರಾವಣ ಇಂದಿಗೂ ಬಹುಮಟ್ಟಿಗೆ ಅದೇ: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅದನ್ನು ಕೊನೆಗೆ ಮುಟ್ಟಿಸುವ ಬಗೆ ಮಾತ್ರ ಬದಲಾಗುತ್ತ ಬಂದಿದೆ.

ಪ್ರಶ್ನೆ ಕೇಳಿದವರ ಮರುನುಡಿ

ಮೂವರಿಗೂ ನಮಸ್ಕಾರಗಳು. ಉತ್ತರಗಳನ್ನು ಓದಿದ ಮೇಲೆ ಮೂರೂ ದೋಟಿಗಳನ್ನು ತರಿಸಿ ಬಿಚ್ಚಿದೆ. ಲಾಕ್ ಸಿಕ್ಕಿಕೊಳ್ಳುತ್ತದೆಂದು ದೂರು ಬಂದಿದ್ದ ದೋಟಿಯ ಮರೆಗಳ ಸಂದಿಯಲ್ಲಿ ಸುಣ್ಣ ಕಲ್ಲಿನಂತೆ ಗಟ್ಟಿಯಾಗಿತ್ತು; ಸೂಜಿಯಿಂದ ಕೆರೆದ ಮೇಲೆ ಹೊಸದರಂತೆ ತಿರುಗಿತು. ಉದ್ದ ಸಾಲದೆಂದ ದೋಟಿಯ ಲಾಕಿನಲ್ಲಿ ಸುಣ್ಣದ ಸುಳಿವೇ ಇರಲಿಲ್ಲ. ವಿಚಾರಿಸಿದಾಗ, ಆ ಮನೆಯ ಕೆಲಸಗಾರ ಪ್ರತಿ ಸಂಜೆ ದೋಟಿಯನ್ನು ಕೆರೆಯ ನೀರಿನಲ್ಲಿ ತೊಳೆದು ಒರಸಿ ಇಡುತ್ತಿದ್ದನಂತೆ. ನಾನು ಮಳೆಯ ನಡುವೆ ಮೂರು ಸಲ ಲಾಕಿನ ವಿನ್ಯಾಸ ಬದಲಿಸಿದ್ದು ಈ ಸುಣ್ಣಕ್ಕಾಗಿ!

ಈ ವರ್ಷ ಐದನ್ನೇ ಮಾಡುತ್ತೇನೆ. ಇಪ್ಪತ್ತೈದು ಕೇಳಿದವರಿಗೆ ಹಾಗೆಯೇ ತಿಳಿಸಿದ್ದೇನೆ, ಇಬ್ಬರು ಬೇಸರಿಸಿಕೊಂಡರು. ತಂತಿಯ ಎಚ್ಚರಿಕೆಯ ಬರಹಕ್ಕೆ ಶಿರಸಿಯಲ್ಲಿ ಸ್ಟಿಕ್ಕರ್ ಮಾಡಿಸಲು ಕೊಟ್ಟಿದ್ದೇನೆ, ಕಪ್ಪು ಕಾಗದವನ್ನೂ ತಂದಿದ್ದೇನೆ. ಭಾನುವಾರ ಮನೆಯ ಹಿಂದಿನ ಮರಗಳಿಗೆ ಪಟ್ಟಿ ಕಟ್ಟಿಸುತ್ತೇನೆ, ಆದರೆ ಅದಕ್ಕೂ ಒಬ್ಬ ಕೊನೆಗೌಡನೇ ಬರಬೇಕು.