ಅಪ್‌ಡೇಟ್: ಮಳೆಗಾಲದಲ್ಲಿ ಮೈನಸ್ 80 ಫ್ರೀಜರ್

ಮಂಗಳೂರಿನ ನಮ್ಮ ಲ್ಯಾಬಿನಲ್ಲಿ ಮಳೆಗಾಲಕ್ಕೆ ಪದೇ ಪದೇ ಕರೆಂಟ್ ಹೋಗುತ್ತದೆ, ಮೈನಸ್ 80 ಡಿಗ್ರಿಯಲ್ಲಿಟ್ಟ ಮೀನಿನ ಸ್ಯಾಂಪಲ್‌ಗಳನ್ನು ಹೇಗೆ ಕಾಪಾಡುವುದು ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಜಾಸ್ತಿ ಉಪಯೋಗಕ್ಕೆ ಬಂದದ್ದು ಬ್ಯಾಟರಿಯಲ್ಲಿ ನಡೆಯುವ ಅಲಾರಂ. ಒಳಗಿನ ಚಳಿ ಕಮ್ಮಿಯಾಗಿ ಉಷ್ಣಾಂಶ ಮೈನಸ್ 70ಕ್ಕಿಂತ ಮೇಲೆ ಹೋದರೆ ಫೋನಿಗೆ ಮೆಸೇಜ್ ಬರುತ್ತದೆ. ಮೊನ್ನೆ ರಾತ್ರಿ ಗಾಳಿಮಳೆಗೆ ಕರೆಂಟ್ ಹೋಯಿತು, ಜನರೇಟರ್ ಶುರುವಾಗಲಿಲ್ಲ. ಮೆಸೇಜ್ ನೋಡಿದ ಕೂಡಲೇ ವಾಚ್‌ಮನ್ ಅಣ್ಣನಿಗೆ ಫೋನ್ ಮಾಡಿದೆ. "ಫ್ರೀಜರ್ ಬಾಗಿಲು ಮಾತ್ರ ತೆಗೀಬೇಡಿ" ಅಂದೆ. ಅವರು ಜನರೇಟರ್ ಹಾಕಿದರು. ಸ್ಯಾಂಪಲ್ ಎಲ್ಲ ಉಳಿದವು!

ಇಲ್ಲಿನ ತೇವಕ್ಕೆ ಬಾಗಿಲಿನ ರಬ್ಬರಿನಲ್ಲಿ ಬೇಗ ಐಸ್ ಕಟ್ಟುತ್ತದೆ. ಸುಮ್ನೆ ಬಿಟ್ಟರೆ ಬಾಗಿಲು ಸರಿಯಾಗಿ ಕೂರುವುದಿಲ್ಲ, ಹಾಗಾಗಿ ಆಗಾಗ ಒರೆಸುತ್ತೇವೆ. ಡ್ರೈ ಐಸ್ (ಗಟ್ಟಿಯಾದ ಕಾರ್ಬನ್ ಡೈಆಕ್ಸೈಡ್) ಮೈನಸ್ 78.5 ಡಿಗ್ರಿ ಇರುತ್ತದೆ, ತುರ್ತಿಗೆ ಸಾಕು. ಆದರೆ ಅದರಿಂದ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬರುತ್ತದೆ, ಕಿಟಕಿ ತೆರೆದೇ ಇರಬೇಕು. ಮತ್ತೆ ಸಿಗದ ಸ್ಯಾಂಪಲ್‌ಗಳ ಒಂದು ಪಾಲನ್ನು ಬೇರೆ ಕಟ್ಟಡದ ಫ್ರೀಜರಿಗೆ ಸಾಗಿಸಿದ್ದೇವೆ.