ಸಹಾಯ ಬೇಕು: ಅಪ್ಪಾರು ಒಣಗಿಸಿಟ್ಟ ಗಿಡಗಳನ್ನ ಉಳಿಸಬೇಕ್ರಿ

ನಮಸ್ಕಾರ್ರಿ. ನಮ್ಮ ಅಪ್ಪಾರು ಗದಗಿನಾಗ ಜೀವಶಾಸ್ತ್ರದ ಮಾಸ್ತರಾಗಿದ್ರು. ರಜೆ ಬಂತಂದ್ರ ಕಪ್ಪತಗುಡ್ಡಕ್ಕ ಹೋಗಿ ಗಿಡ ತಂದು, ಹಳೇ ಪೇಪರಿನಾಗ ಒತ್ತಿ ಒಣಗಿಸಿ, ದಪ್ಪ ಹಾಳಿಗೆ ಹೊಲಿದು ಇಡ್ತಿದ್ರು. ಮಧುನಾಶಿನಿ ಬಳ್ಳಿಯಿಂದ ಹಿಡಿದು ಹುಲ್ಲಿನ ತನಕ ಅದಾವ. ಪ್ರತಿ ಹಾಳಿ ಮ್ಯಾಲ ತಾರೀಖು, ಜಾಗ, ಹೂವಿನ ಬಣ್ಣ ಅವರ ಕೈಬರಹದಾಗ ಐತಿ. ಒಣಗಿದ ಮ್ಯಾಲ ಬಣ್ಣ ಹೋಗತೈತಿ, ಅಲ್ಲೇ ನಿಂತು ಬರೀಬೇಕು ಅಂತಿದ್ರು. ಆ ಚೀಟಿ ಇಲ್ಲಂದ್ರ ಅದು ಬರೇ ಒಣ ಎಲಿ.

2019ರಾಗ ಕಪ್ಪತಗುಡ್ಡ ವನ್ಯಜೀವಿ ಧಾಮ ಆತು. ಅದಕ್ಕೂ ಮೊದಲಿನ ಈ ದಾಖಲೆಗೆ ಈಗ ಕಂದು ಬಣ್ಣದ ಸಣ್ಣ ಹುಳ ಬಿದ್ದು ತೂತ ಮಾಡಾಕತ್ತಾವ. ನೋಡಿದ್ರ ಹೊಟ್ಟಿ ಉರಿತೈತಿ.

ಪ್ಲಾಸ್ಟಿಕ್ ಚೀಲದಾಗ ಗಾಳಿ ಆಡದಂಗ ಕಟ್ಟಿ, ಮೈನಸ್ 18 ಡಿಗ್ರಿಗಿಂತ ತಣ್ಣಗ ಒಂದೆರಡು ವಾರ ಇಟ್ರ ಹುಳ ಸಾಯ್ತಾವ. ನಮ್ಮ ಮನಿ ಫ್ರಿಜ್ಜಿನಾಗ ಹಾಳಿ ಹಿಡಿಯಂಗಿಲ್ಲ. ಹುಬ್ಬಳ್ಳಿ-ಧಾರವಾಡದಾಗ ದೊಡ್ಡ ಡೀಪ್ ಫ್ರೀಜರ್ ಇದ್ದವರು 15 ದಿನ ಕೊಡ್ತೀರೇನ್ರಿ? ಬಾಡಿಗಿ ಕೊಡ್ತೀನಿ.

ಧಾರವಾಡದ ಕನ್ನಡ ಸಂಶೋಧನಾ ಸಂಸ್ಥೆಯ ವಸ್ತುಸಂಗ್ರಹಾಲಯದಾಗ ಶಿಲ್ಪಗಳನ್ನ ಕಾಪಾಡಿದಂಗ ಇವಕ್ಕೂ ಒಂದು ವಿಶ್ವವಿದ್ಯಾಲಯದಾಗ ಕಪಾಟ ಸಿಗಬೇಕು ಅನ್ನೂದು ನನ್ನಾಸೆ. ಸಸ್ಯಶಾಸ್ತ್ರ ಕಲಿತ ಅಣ್ಣಾರು, ಅಕ್ಕಾರು ಯಾರರ ಇದ್ರ, ಒಪ್ಪಿಸೂ ಮೊದಲು ಪಟ್ಟಿ ಹೆಂಗ ಮಾಡಬೇಕು ಹೇಳ್ರಿ.