ಬಿಟ್ಟು ಹೋದವನು ಗ್ರಾಹಕರ ಪಟ್ಟಿ ಒಯ್ದಿದ್ದಾನೆ. ಇದು ಕಳ್ಳತನದ ಕೇಸ್ ಆಗುತ್ತಾ?

ನೀಲಿಶಾಯಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು, ನನ್ನ ಪಾರ್ಟ್‌ನರ್ ಇಬ್ಬರೂ ಸೇರಿ ಸಣ್ಣ ಕಚೇರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ನಮ್ಮ ಜೊತೆ ಎರಡು ವರ್ಷ ಕೆಲಸ ಮಾಡಿದ ಹುಡುಗ ಹೋದ ತಿಂಗಳು ಬಿಟ್ಟ. ಜಗಳ ಏನೂ ಇಲ್ಲ, ಕೈಕುಲುಕಿ ಕಳಿಸಿದ್ದೆವು. ನಿನ್ನೆ ಸುಮ್ನೆ ಲಾಗ್ ನೋಡುತ್ತಿದ್ದೆ. ಅವನು ಬಿಟ್ಟ ಒಂಬತ್ತನೇ ದಿನ ರಾತ್ರಿ 11:42ಕ್ಕೆ ಅವನದೇ ಹಳೇ ಐಡಿಯಿಂದ ಲಾಗಿನ್ ಆಗಿದೆ, ಗ್ರಾಹಕರ ಪೂರ್ತಿ ಪಟ್ಟಿ ಡೌನ್‌ಲೋಡ್ ಆಗಿದೆ, 11:49ಕ್ಕೆ ಲಾಗ್‌ಔಟ್. ಏಳೇ ನಿಮಿಷ. ಆ ಐಡಿ ಮುಚ್ಚುವುದು ನಮಗೆ ಮರೆತೇ ಹೋಗಿತ್ತು.

ಈಗ ಅವನು ನಮ್ಮದೇ ತರದ ವ್ಯಾಪಾರ ಶುರು ಮಾಡಿದ್ದಾನೆ. ಡೊಮೇನ್ ಹೆಸರು ನಮ್ಮದೇ, ನಡುವೆ ಒಂದು ಹೈಫನ್ ಜಾಸ್ತಿ, ಅಷ್ಟೇ. ಲೋಗೋನೂ ನಮ್ಮದನ್ನೇ ಬಣ್ಣ ಬದಲಿಸಿ ಹಾಕಿಕೊಂಡಿದ್ದಾನೆ. ಫೋನ್ ಮಾಡಿ ಕೇಳಿದರೆ, "ಆ ಲೋಗೋ ಬರೆದಿದ್ದು ನನ್ನ ಸ್ನೇಹಿತೆ ಅಲ್ವಾ, ನೀವು ಅವಳ ಹತ್ತಿರ ಏನಾದರೂ ಬರೆಸಿಕೊಂಡಿದ್ದೀರಾ?" ಅಂತ ನಮಗೇ ತಿರುಗಿ ಕೇಳಿದ. ದುಡ್ಡು ಕೊಟ್ಟಿದ್ದೇವೆ. ಬರೆಸಿಕೊಂಡಿಲ್ಲ.

ಪಾರ್ಟ್‌ನರ್ ಕುದಿಯುತ್ತಿದ್ದಾರೆ. ಅವರ ಹತ್ತಿರ ಎರಡು ಪ್ಲಾನ್ ಇದೆ. ಒಂದು, ಅವನು ಹೊಸ ಸೈಟ್‌ಗೂ ಹಳೇ ಪಾಸ್‌ವರ್ಡನ್ನೇ ಇಟ್ಟಿರಬಹುದು, ಒಳಗೆ ಹೋಗಿ ನಮ್ಮ ಪಟ್ಟಿ ಇದೆಯಾ ನೋಡೋಣ ಅಂತ. ಇನ್ನೊಂದು, "ಇಷ್ಟು ದುಡ್ಡು ಕೊಡು, ಇಲ್ಲಾಂದ್ರೆ ಪೊಲೀಸ್ ಕಂಪ್ಲೇಂಟ್" ಅಂತ ಮೆಸೇಜ್ ಹಾಕುವುದು. ನಮ್ಮ ವಸ್ತು ಕದ್ದವನ ಹತ್ತಿರ ವಾಪಸ್ ತರುವುದರಲ್ಲಿ ತಪ್ಪೇನು ಅಂತ ಅವರ ವಾದ. ನನಗೂ ಅರ್ಧ ಸರಿ ಅನ್ನಿಸುತ್ತಿದೆ, ಅದಕ್ಕೇ ಕೇಳುತ್ತಿದ್ದೇನೆ.

ಹಳೇಕೀಬೋರ್ಡ್

ಮೊದಲು ಪಾರ್ಟ್‌ನರ್ ಕೈಯಿಂದ ಲ್ಯಾಪ್‌ಟಾಪ್ ಕಿತ್ತಿಟ್ಟುಕೊಳ್ಳಿ. ಸದ್ಯಕ್ಕೆ ಹೆಜ್ಜೆ ಗುರುತು ಬಿಟ್ಟಿರುವುದು ಅವನು, ನೀವಲ್ಲ. ಅದು ಹಾಗೇ ಇರಲಿ.

ಕಾನೂನು ನನಗೆ ಗೊತ್ತಿಲ್ಲ, ಸರ್ವರ್ ಗೊತ್ತು. ಲಾಗ್ ಫೈಲನ್ನು ಈಗಲೇ ಬೇರೆ ಕಡೆ ಕಾಪಿ ಮಾಡಿಡಿ, ಎಷ್ಟೋ ಕಡೆ ಹಳೇ ಲಾಗ್ ಕೆಲವು ವಾರಕ್ಕೆ ತಾನಾಗಿ ಅಳಿಸಿಹೋಗುತ್ತದೆ. ಓಪನ್ ಮಾಡಿ ಸಾಲು ತಿದ್ದುವುದು, ಹಳದಿ ಬಣ್ಣ ಬಳಿಯುವುದು ಏನೂ ಬೇಡ. ಫೈಲಿನ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ಬರುವ, ಬೆರಳಚ್ಚಿನಂತಹ ಒಂದು ಕೋಡ್) ತೆಗೆದು, ತಾರೀಕು ಸಮೇತ ನಿಮ್ಮ ವಕೀಲರಿಗೆ ಮೇಲ್ ಮಾಡಿ. ಆಮೇಲೆ ಒಂದು ಅಕ್ಷರ ಬದಲಾದರೂ ಹ್ಯಾಶ್ ಬೇರೆ ಬರುತ್ತದೆ, ಹಾಗಾಗಿ "ನೀವೇ ತಿದ್ದಿದ್ದೀರಿ" ಅಂತ ಅವನು ಹೇಳಿದರೆ ಉತ್ತರ ಕೊಡಬಹುದು. ಬರೀ ಸ್ಕ್ರೀನ್‌ಶಾಟ್ ನೆಚ್ಚಿಕೊಂಡು ಕೂರಬೇಡಿ. ಅವನ ಸೈಟ್‌ನಲ್ಲಿ ಹೊರಗಿನವರಿಗೆ ಏನು ಕಾಣುತ್ತದೋ ಅದನ್ನು ಸೇವ್ ಮಾಡಿಕೊಳ್ಳಿ, ಅದಕ್ಕಿಂತ ಒಂದು ಹೆಜ್ಜೆ ಒಳಗೆ ಹೋಗಬೇಡಿ.

ಕಪ್ಪುಕೋಟು

ವಕೀಲಿ ಮಾಡುತ್ತೇನೆ, ಆದರೆ ನಿಮ್ಮ ವಕೀಲ ನಾನಲ್ಲ. ಯಾವ ದೇಶ ಅಂತ ನೀವು ಹೇಳಿಲ್ಲ, ಅದಕ್ಕೆ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ತರ ಇರುವುದನ್ನು ಮಾತ್ರ ಹೇಳುತ್ತೇನೆ.

"ಕಳ್ಳತನ" ಅನ್ನುವ ಮಾತೇ ನಿಮ್ಮ ದಾರಿ ತಪ್ಪಿಸುತ್ತಿದೆ. ಕಳ್ಳತನದ ಕಾನೂನು ಹುಟ್ಟಿದ್ದು ವಸ್ತುಗಳಿಗೆ. ನಾನು ನಿಮ್ಮ ಸೈಕಲ್ ಒಯ್ದರೆ ನಿಮಗೆ ಸೈಕಲ್ ಇರುವುದಿಲ್ಲ. ಪಟ್ಟಿ ಹಾಗಲ್ಲ, ಅವನು ಒಯ್ದ ಮೇಲೂ ನಿಮ್ಮ ಹತ್ತಿರ ಇದ್ದ ಹಾಗೇ ಇದೆ. 1979ರಲ್ಲಿ ಇಂಗ್ಲೆಂಡ್‌ನಲ್ಲಿ ಇದೇ ಪ್ರಶ್ನೆ ಬಂದಿತ್ತು. ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿಗೆ ಪರೀಕ್ಷೆಗೆ ಮುಂಚೆಯೇ ಪ್ರಶ್ನೆಪತ್ರಿಕೆ ಸಿಕ್ಕಿತು. ಓದಿಕೊಂಡು ಕಾಗದವನ್ನು ವಾಪಸ್ ಇಡುವುದು ಅವನ ಲೆಕ್ಕ. ಕಾಗದ ಕದಿಯುವ ಉದ್ದೇಶ ಇಲ್ಲ, ಒಳಗಿನ ಮಾಹಿತಿ ಕದಿಯಬಹುದಾದ ಆಸ್ತಿಯೇ ಅಲ್ಲ, ಹಾಗಾಗಿ ಕಳ್ಳತನ ಅಲ್ಲ ಅಂತ ಕೋರ್ಟ್ ಹೇಳಿತು. ಅಮೆರಿಕದಲ್ಲಿ 1985ರಲ್ಲಿ ಎಲ್ವಿಸ್ ಪ್ರೀಸ್ಲಿ ಹಾಡುಗಳ ನಕಲಿ ರೆಕಾರ್ಡ್ ಮಾರಿದವನ ಕೇಸ್ ಬಂತು. ಕಾಪಿರೈಟ್ ಮುರಿದಿದ್ದು ತಪ್ಪೇ, ಆದರೆ ಆ ರೆಕಾರ್ಡ್‌ಗಳು "ಕದ್ದ ಮಾಲು" ಅಲ್ಲ ಅಂತ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಹಾಗಂತ ನಿಮ್ಮ ಹುಡುಗ ತಪ್ಪಿಸಿಕೊಂಡ ಅಂತಲ್ಲ. ಅವನು ಸಿಕ್ಕಿಬೀಳುವುದು ಬೇರೆ ಬಾಗಿಲಲ್ಲಿ. ಅನುಮತಿ ಇಲ್ಲದೆ ಕಂಪ್ಯೂಟರ್ ಒಳಗೆ ಹೋಗುವುದೇ ಒಂದು ಅಪರಾಧ, ಏನು ಒಯ್ದ ಅನ್ನುವುದು ಆಮೇಲಿನ ಮಾತು. ಅಮೆರಿಕದಲ್ಲಿ 1986ರಿಂದ, ಬ್ರಿಟನ್‌ನಲ್ಲಿ 1990ರಿಂದ, ಭಾರತದಲ್ಲಿ 2000ದಿಂದ ಇದಕ್ಕೆ ಬೇರೆಯೇ ಕಾನೂನಿದೆ. ಸೈಬರ್ ಅಪರಾಧಗಳ ಬಗ್ಗೆ ಆದ 2001ರ ಬುಡಾಪೆಸ್ಟ್ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳೂ ಇದನ್ನು ಅಪರಾಧ ಅಂತಲೇ ಒಪ್ಪಿಕೊಂಡಿವೆ. ಪಾಸ್‌ವರ್ಡ್ ಒಡೆದಿರಬೇಕು ಅಂತೇನಿಲ್ಲ. ಹಳೇ ಕೀಲಿ ಜೇಬಲ್ಲೇ ಇತ್ತು ಅಂದ ಮಾತ್ರಕ್ಕೆ ಕೆಲಸ ಬಿಟ್ಟವನು ರಾತ್ರಿ ಬಂದು ಬಾಗಿಲು ತೆಗೆಯಬಹುದಾ?

ಆ ಒಂಬತ್ತು ದಿನ ನಿಮಗೆ ಎಷ್ಟು ಮುಖ್ಯ ನೋಡಿ. ಅವನು ಇದನ್ನೇ ಕೊನೆಯ ದಿನ ಸಂಜೆ ಸೀಟಲ್ಲಿ ಕೂತು ಮಾಡಿದ್ದರೆ ಕಥೆಯೇ ಬೇರೆ. ಅಮೆರಿಕದಲ್ಲಿ ಒಬ್ಬ ಪೊಲೀಸ್ ಅಧಿಕಾರಿ ದುಡ್ಡು ತಗೊಂಡು ಒಂದು ಗಾಡಿ ನಂಬರ್ ಯಾರದ್ದು ಅಂತ ಇಲಾಖೆಯ ಕಂಪ್ಯೂಟರ್‌ನಲ್ಲಿ ನೋಡಿ ಕೊಡಲು ಹೋದ. ನೋಡುವ ಅಧಿಕಾರ ಅವನಿಗೆ ಇತ್ತು, ನೋಡಿದ ಕಾರಣ ಕೆಟ್ಟದು. 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು, ಆ ಕಂಪ್ಯೂಟರ್ ಕಾನೂನಿನ ಪ್ರಕಾರ ಇದು ಅಪರಾಧ ಅಲ್ಲ ಅಂತ. ಬೇರೆ ಕೆಲವು ದೇಶಗಳಲ್ಲಿ ಇದನ್ನು ಇಷ್ಟು ಸಡಿಲವಾಗಿ ನೋಡುವುದಿಲ್ಲ, ಆದರೂ ಅನುಮತಿ ಯಾವತ್ತು ಮುಗಿಯಿತು ಅನ್ನುವುದು ಎಲ್ಲ ಕಡೆ ಮುಖ್ಯ. ಹಾಗಾಗಿ ಅವನ ರಾಜೀನಾಮೆ ಮೇಲ್, ನೀವು ಒಪ್ಪಿಕೊಂಡ ಉತ್ತರ, ಕೊನೆಯ ಸಂಬಳದ ದಾಖಲೆ, ಮೂರನ್ನೂ ಲಾಗ್ ಜೊತೆಗೇ ಇಡಿ.

ಒಂದು ತೊಡಕಿದೆ. ಸಿವಿಲ್ ದಾವೆಯಲ್ಲಿ "ಹೀಗೇ ನಡೆದಿರುವ ಸಾಧ್ಯತೆ ಜಾಸ್ತಿ" ಅಂತ ತೋರಿಸಿದರೆ ಸಾಕು. ಕ್ರಿಮಿನಲ್‌ನಲ್ಲಿ ತಕ್ಕ ಕಾರಣ ಇರುವ ಸಂಶಯಕ್ಕೆ ಜಾಗ ಇರಬಾರದು. ಐಡಿ ಅವನದು ಸರಿ, ಆದರೆ ಆ ರಾತ್ರಿ ಕೀಬೋರ್ಡ್ ಮುಂದೆ ಕೂತಿದ್ದು ಅವನೇನಾ? ಪೊಲೀಸರು ಮೊದಲು ಕೇಳುವುದೇ ಇದನ್ನು.

ಇನ್ನು ನಿಮ್ಮ ಪಾರ್ಟ್‌ನರ್ ಪ್ಲಾನ್‌ಗಳು. ಮೊದಲನೆಯದು, ಅವನು ಮಾಡಿದ ಅಪರಾಧವನ್ನೇ ನೀವು ಮಾಡುವುದು. ಕದ್ದವನ ಕಂಪ್ಯೂಟರ್ ಒಳಗೆ ಹೋಗಬಹುದು ಅಂತ ವಿನಾಯಿತಿ ಇಲ್ಲ. ಎರಡನೆಯದು ಇನ್ನೂ ಅಪಾಯ. ನಿಮ್ಮ ದೂರು ಪೂರ್ತಿ ನಿಜವೇ ಇದ್ದರೂ "ದುಡ್ಡು ಕೊಡು, ಇಲ್ಲಾಂದ್ರೆ ಪೊಲೀಸ್" ಅನ್ನುವುದನ್ನು ಎಷ್ಟೋ ದೇಶಗಳಲ್ಲಿ ಸುಲಿಗೆ ಅಂತ ನೋಡಬಹುದು. ಅದೂ ಮೆಸೇಜ್‌ನಲ್ಲಿ, ನಿಮ್ಮದೇ ಅಕ್ಷರದಲ್ಲಿ! ನಷ್ಟ ಕೇಳಬೇಕಾ, ವಕೀಲರ ಮೂಲಕ ನೋಟಿಸ್ ಕೊಡಿ. ದೂರು ಕೊಡಬೇಕಾ, ಹೋಗಿ ಕೊಡಿ. ಒಂದನ್ನು ತೋರಿಸಿ ಇನ್ನೊಂದನ್ನು ವಸೂಲಿ ಮಾಡಬೇಡಿ.

ಪಟ್ಟಿಗೆ "ವ್ಯಾಪಾರದ ಗುಟ್ಟು" ಅನ್ನುವ ರಕ್ಷಣೆಯೂ ಸಿಗಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ಜೊತೆ 1995ರಲ್ಲಿ ಜಾರಿಗೆ ಬಂದ, ಬೌದ್ಧಿಕ ಆಸ್ತಿಯ ಬಗೆಗಿನ ಟ್ರಿಪ್ಸ್ ಒಪ್ಪಂದದಲ್ಲಿ ಇದಕ್ಕೆ ಮೂರು ಷರತ್ತು ಇವೆ: ಅದು ಗುಟ್ಟಾಗಿರಬೇಕು, ಗುಟ್ಟಾಗಿರುವುದರಿಂದಲೇ ಅದಕ್ಕೆ ಬೆಲೆ ಇರಬೇಕು, ಗುಟ್ಟಾಗಿಡಲು ನೀವು ತಕ್ಕ ಕ್ರಮ ತೆಗೆದುಕೊಂಡಿರಬೇಕು. ಮೂರನೆಯದರಲ್ಲಿ ನಿಮಗೆ ಏಟು ಬೀಳುತ್ತದೆ. ಐಡಿ ಮುಚ್ಚದೇ ಬಿಟ್ಟವರು ಎಂತಹ ಗುಟ್ಟು ಕಾಪಾಡಿದಿರಿ ಅಂತ ಎದುರು ವಕೀಲ ಕೇಳದೇ ಬಿಡುವುದಿಲ್ಲ. ಕೋಕಾಕೋಲಾ ಕಂಪನಿಯ ಒಬ್ಬ ಉದ್ಯೋಗಿ 2006ರಲ್ಲಿ ಒಳಗಿನ ಕಾಗದಪತ್ರ ಪೆಪ್ಸಿಗೆ ಮಾರಲು ನೋಡಿದಾಗ ಪೆಪ್ಸಿಯವರೇ ಕೋಕಾಕೋಲಾಗೆ ಹೇಳಿಬಿಟ್ಟರು, ಆ ಉದ್ಯೋಗಿಗೆ ಎಂಟು ವರ್ಷ ಜೈಲಾಯಿತು. ಅಷ್ಟು ಗಟ್ಟಿ ಕೇಸ್ ಆಗಿದ್ದಕ್ಕೆ ಒಂದು ಕಾರಣ, ಗುಟ್ಟನ್ನು ಗುಟ್ಟಿನ ಹಾಗೇ ಇಟ್ಟಿದ್ದರು.

ನೀವು ಕೇಳದೇ ಇರುವುದು ಒಂದಿದೆ, ನನಗೆ ಅದೇ ಜಾಸ್ತಿ ಭಯ. ಆ ಪಟ್ಟಿಯಲ್ಲಿರುವುದು ನಿಮ್ಮ ಗುಟ್ಟು ಮಾತ್ರ ಅಲ್ಲ, ಗ್ರಾಹಕರ ಹೆಸರು, ಫೋನ್ ನಂಬರ್. ಅದು ಹೊರಗೆ ಹೋಗಿದೆ. ಯುರೋಪಿನ ಜಿಡಿಪಿಆರ್ (ಜನರ ವೈಯಕ್ತಿಕ ಮಾಹಿತಿ ಕಾಪಾಡುವ ಕಾನೂನು) ನಿಮಗೆ ಅನ್ವಯ ಆಗುತ್ತಿದ್ದರೆ ಗೊತ್ತಾದ 72 ಗಂಟೆಯೊಳಗೆ ಅಲ್ಲಿನ ಪ್ರಾಧಿಕಾರಕ್ಕೆ ತಿಳಿಸಬೇಕು. ಬೇರೆ ಎಷ್ಟೋ ದೇಶಗಳಲ್ಲೂ ಇಂತಹದೇ ನಿಯಮ ಇದೆ, ಗಡುವು ಬೇರೆ. ಲಾಗ್ ನೋಡಿದ್ದು ನಿನ್ನೆ ಅಂದಿರಿ. ಗಡಿಯಾರ ಆಗಲೇ ಓಡುತ್ತಿದೆ. ಅವನ ಮೇಲೆ ಕೇಸ್ ಹಾಕುವ ಯೋಚನೆಯಲ್ಲಿ ನಿಮ್ಮ ಮೇಲೆ ದಂಡ ಎಳೆದುಕೊಳ್ಳಬೇಡಿ.

ಓರೆಗೆರೆ

ನಾನು ಸ್ವಂತವಾಗಿ ಡಿಸೈನ್ ಕೆಲಸ ಮಾಡುವವಳು. ಲೋಗೋ ವಿಷಯ ಮಾತ್ರ ಹೇಳುತ್ತೇನೆ.

ಆ ಹುಡುಗ ಹೇಳಿದ್ದರಲ್ಲಿ ಅರ್ಧ ನಿಜ. ಸಂಬಳಕ್ಕೆ ಇರುವವರು ಕೆಲಸದ ಭಾಗವಾಗಿ ಬರೆದರೆ ಹೆಚ್ಚಿನ ದೇಶಗಳಲ್ಲಿ ಅದು ಕಂಪನಿಯದ್ದು, ಇಲ್ಲವೇ ಬಳಸಿಕೊಳ್ಳುವ ಹಕ್ಕು ಕಂಪನಿಗೆ. ಹೊರಗಿನವರು ಬರೆದರೆ ಸಾಮಾನ್ಯವಾಗಿ ಬರೆದವರದ್ದೇ, ಬರವಣಿಗೆಯಲ್ಲಿ ಬಿಟ್ಟುಕೊಡುವ ತನಕ. ದುಡ್ಡು ಕೊಟ್ಟ ರಸೀದಿ ಅದಕ್ಕೆ ಸಾಕಾಗಲ್ಲ. ಅಮೆರಿಕದಲ್ಲಿ ಒಂದು ಸೇವಾ ಸಂಸ್ಥೆ ಶಿಲ್ಪಿಯಿಂದ ಮೂರ್ತಿ ಮಾಡಿಸಿಕೊಂಡು ಇದೇ ಗಲಾಟೆಗೆ ಬಿದ್ದಿತ್ತು, ಶಿಲ್ಪಿ ಅವರ ನೌಕರ ಅಲ್ಲ ಅಂತ 1989ರಲ್ಲಿ ಸುಪ್ರೀಂ ಕೋರ್ಟ್ ತನಕ ಹೋಗಿ ತೀರ್ಮಾನ ಆಯಿತು. ಅವಳು ಎಲ್ಲೂ ರಿಜಿಸ್ಟರ್ ಮಾಡಿಸಿಲ್ಲವಲ್ಲ ಅಂತ ಸಮಾಧಾನ ಪಟ್ಟುಕೊಳ್ಳಬೇಡಿ. 1886ರ ಬರ್ನ್ ಒಪ್ಪಂದದ ದೇಶಗಳಲ್ಲಿ (ಹೆಚ್ಚುಕಡಿಮೆ ಎಲ್ಲ ದೇಶಗಳೂ ಅದರಲ್ಲಿವೆ) ಕಾಪಿರೈಟ್ ಹುಟ್ಟಲು ರಿಜಿಸ್ಟರ್ ಮಾಡಿಸಬೇಕಾಗಿಲ್ಲ.

ಆದರೆ ಅವನು ಹೇಳದೇ ಬಿಟ್ಟ ಇನ್ನರ್ಧ ಇದೆ. ನಿಮಗೆ ಅಂತಲೇ ಬರೆದು, ದುಡ್ಡು ಇಸಿದುಕೊಂಡ ಮೇಲೆ ಬಳಸುವ ಅನುಮತಿಯಂತೂ ನಿಮಗೆ ಸಿಕ್ಕಿದೆ. ಅವನಿಗೆ? ಸ್ನೇಹಿತೆಯ ಹಕ್ಕು ಅಂದರೆ ಸ್ನೇಹಿತನ ಹಕ್ಕಾ? ಅವಳನ್ನೇ ಹೋಗಿ ಕೇಳಿ. ಮರ್ಯಾದೆಯಿಂದ ಕೇಳಿ. ನನ್ನ ಹತ್ತಿರ ಹೀಗೇ ನಾಲ್ಕು ವರ್ಷ ಆದ ಮೇಲೆ ಒಬ್ಬರು ಬಂದು "ತಪ್ಪಾಯಿತು, ಆಗ ಕಾಗದ ಮಾಡಿಸಿಕೊಂಡಿಲ್ಲ" ಅಂದರು, ಹತ್ತು ನಿಮಿಷದಲ್ಲಿ ಸಹಿ ಹಾಕಿ ಕೊಟ್ಟೆ. ಇನ್ನೊಬ್ಬರು ನೇರ ಲಾಯರ್ ನೋಟಿಸ್ ಕಳಿಸಿದರು. ಅವರಿಗೆ ಇನ್ನೂ ಕೊಟ್ಟಿಲ್ಲ.

ಮೌನಿ

ಇಷ್ಟೆಲ್ಲ ಯಾಕೆ? ಕಂಪನಿ ಹೆಸರು ರಿಜಿಸ್ಟರ್ ಆಗಿದೆ ತಾನೆ? ಹಾಗಿದ್ದರೆ ಹೆಸರು ನಿಮ್ಮದೇ. ಡೊಮೇನ್ ಕಿತ್ತುಕೊಳ್ಳಬಹುದು.

ಕಪ್ಪುಕೋಟು

ಇಲ್ಲ ಮೌನಿಯವರೇ, ಇಲ್ಲೇ ಎಲ್ಲರೂ ಎಡವುವುದು. ಕಂಪನಿ ಹೆಸರು ಒಂದು ಪುಸ್ತಕ, ಟ್ರೇಡ್‌ಮಾರ್ಕ್ ಇನ್ನೊಂದು ಪುಸ್ತಕ, ಡೊಮೇನ್ ಮೂರನೆಯದು. ಒಂದರಲ್ಲಿ ಹೆಸರಿದೆ ಅಂತ ಇನ್ನೊಂದರಲ್ಲಿ ತಾನಾಗಿ ಹಕ್ಕು ಬರುವುದಿಲ್ಲ. ಟ್ರೇಡ್‌ಮಾರ್ಕ್ ಕೂಡ ದೇಶಕ್ಕೊಂದು, ಅದರಲ್ಲೂ 45 ವರ್ಗಗಳಿವೆ, ನೀವು ಯಾವ ಸರಕು ಅಥವಾ ಸೇವೆಗೆ ಕೇಳಿದಿರೋ ಅದಕ್ಕೆ. ಆಪಲ್‌ನಂತಹ ಕಂಪನಿಯೇ ಚೀನಾದಲ್ಲಿ ಐಪ್ಯಾಡ್ ಹೆಸರು ಬೇರೆಯವರ ಹೆಸರಲ್ಲಿ ಇದ್ದದ್ದಕ್ಕೆ 2012ರಲ್ಲಿ 6 ಕೋಟಿ ಡಾಲರ್ ಕೊಟ್ಟು ಬಗೆಹರಿಸಿಕೊಂಡಿತು.

ಹಾಗಿದ್ದರೂ ಡೊಮೇನ್ ವಿಷಯದಲ್ಲಿ ನೀಲಿಶಾಯಿಯವರಿಗೆ ದಾರಿ ಇದೆ. ಡಾಟ್ ಕಾಮ್ ತರದ್ದಾದರೆ 1999ರಿಂದ ಯುಡಿಆರ್‌ಪಿ ಅಂತ ಒಂದು ವ್ಯವಸ್ಥೆ ಇದೆ, ಕೋರ್ಟ್‌ಗೆ ಹೋಗದೆ ದೂರು ಕೊಡಬಹುದು. ಹೆಸರು ನಿಮ್ಮ ಗುರುತನ್ನು ಹೋಲುತ್ತದೆ, ಅವನಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದಲೇ ತೆಗೆದುಕೊಂಡು ಬಳಸುತ್ತಿದ್ದಾನೆ, ಈ ಮೂರನ್ನೂ ತೋರಿಸಬೇಕು. ಹೈಫನ್ ಅವನನ್ನು ಕಾಪಾಡಲ್ಲ. ಟ್ರೇಡ್‌ಮಾರ್ಕ್ ರಿಜಿಸ್ಟರ್ ಆಗಿಲ್ಲ ಅಂದರೂ ಜನ ಆ ಹೆಸರಿಂದ ನಿಮ್ಮನ್ನೇ ಗುರುತಿಸುತ್ತಾರೆ ಅಂತ ದಾಖಲೆ ಕೊಟ್ಟರೆ ನಡೆಯುತ್ತದೆ. ಸಿಗುವುದು ಡೊಮೇನ್ ಮಾತ್ರ, ನಷ್ಟದ ದುಡ್ಡು ಅಲ್ಲಿ ಸಿಗಲ್ಲ. ಈ ಮಧ್ಯೆ ಟ್ರೇಡ್‌ಮಾರ್ಕ್ ಅರ್ಜಿ ಹಾಕಿಬಿಡಿ. ಅವನು ಮೊದಲು ಹಾಕಿದರೆ ಬಿಡಿಸಿಕೊಳ್ಳುವುದು ದೊಡ್ಡ ತಲೆನೋವು.

ನೀಲಿಶಾಯಿ

ಎಲ್ಲರಿಗೂ ಥ್ಯಾಂಕ್ಸ್. ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಿಬಿಡುತ್ತೇನೆ.

ಪಾರ್ಟ್‌ನರ್‌ಗೆ ಕಪ್ಪುಕೋಟು ಅವರು ಬರೆದಿದ್ದನ್ನು ಎರಡು ಸಲ ಓದಿಸಿದೆ. ಸುಲಿಗೆ ಅನ್ನುವ ಪದ ಬಂದ ಕಡೆ ಸುಮ್ಮನಾದರು. ಮಾರನೇ ದಿನವೇ ವಕೀಲರನ್ನು ಕಂಡು, ಪಟ್ಟಿ ಹೊರಗೆ ಹೋದ ವಿಷಯ ತಿಳಿಸಬೇಕಾದ ಕಡೆ ತಿಳಿಸಿದೆವು, ಗ್ರಾಹಕರಿಗೂ ಮೇಲ್ ಹಾಕಿದೆವು. ನಾಚಿಕೆ ಆಯಿತು, ಆದರೆ ಬೈದವರು ಒಬ್ಬರೇ. ಲೋಗೋ ಬರೆದವರನ್ನು ಹೋಗಿ ಕಂಡೆ. ಅವನು ಅದನ್ನು ಬಳಸುತ್ತಿರುವುದು ಅವರಿಗೆ ಗೊತ್ತೇ ಇರಲಿಲ್ಲ. ಕಾಗದಕ್ಕೆ ಸಹಿ ಹಾಕಿಕೊಟ್ಟರು. ಓರೆಗೆರೆಯವರೇ, ಹತ್ತು ನಿಮಿಷ ಅಲ್ಲ, ಒಂದು ಗಂಟೆ ಹಿಡಿಯಿತು, ಅದರಲ್ಲಿ ಐವತ್ತು ನಿಮಿಷ ಅವನನ್ನು ಬೈಯ್ಯುವುದೇ ಆಯಿತು.

ಕೀಬೋರ್ಡ್ ಮುಂದೆ ಕೂತಿದ್ದು ಅವನೇನಾ ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು. ನಮ್ಮ ಪಟ್ಟಿಯಲ್ಲಿ ಮೊದಲನೇ ವರ್ಷವೇ ಪ್ರೋಗ್ರಾಂ ಪರೀಕ್ಷೆಗೆ ಅಂತ ಒಂದು ಸುಳ್ಳು ಗ್ರಾಹಕನನ್ನು ಸೇರಿಸಿದ್ದೆ, ಮೇಲ್ ಐಡಿ ಅದಕ್ಕೆಂದೇ ಮಾಡಿದ್ದು, ಬೇರೆ ಎಲ್ಲೂ ಕೊಟ್ಟಿಲ್ಲ. ಮರೆತೇಬಿಟ್ಟಿದ್ದೆ. ಮೊನ್ನೆ ಆ ಇನ್‌ಬಾಕ್ಸ್ ತೆಗೆದು ನೋಡಿದರೆ ಅವನ ಹೊಸ ಕಂಪನಿಯಿಂದ, ಅವನದೇ ಹೆಸರಲ್ಲಿ ಒಂದು ಮೇಲ್ ಬಂದು ಕೂತಿದೆ: "ಆತ್ಮೀಯ ಟೆಸ್ಟ್ ಒಂದು ಎರಡು ಮೂರು ಅವರೇ, ನಿಮಗಾಗಿ ವಿಶೇಷ ರಿಯಾಯಿತಿ."

ತೆರೆದು ನೋಡಿದ್ದು ಬಿಟ್ಟರೆ ಏನೂ ಮುಟ್ಟಿಲ್ಲ. ವಕೀಲರಿಗೆ ಹೇಳಿದ್ದೇನೆ. ಫೋನಲ್ಲಿ ಒಂದು ನಿಮಿಷ ನಗುತ್ತಲೇ ಇದ್ದರು.